ಪೂಜೆಗಿಟ್ಟ ಟಾರ್ಚು

ಅಕ್ಕ ಆ ಟಾರ್ಚಿಗೆ ಅರಿಶಿನ ಕುಂಕುಮ ಹಚ್ಚುವಾಗ ನಾನು ಅಲ್ಲೇ ಗೋಡೆಗೆ ಒರಗಿ ಕೂತು, ಪೂಜೆಗೆ ಮುಂಚೆ ತಿನ್ನಬೇಡ ಎಂದು ಬೈಸಿಕೊಂಡೂ ಚುರುಮುರಿ ತಿನ್ನುತ್ತಿದ್ದೆ. ಬೇಡ ಅಕ್ಕಾ, ಅದೊಂದನ್ನು ಪೂಜೆಗೆ ಇಡಬೇಡ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಯಾಕೆ ಅನ್ನುತ್ತಾಳೆ, ಯಾಕೆ ಎಂದು ಹೇಳಲು ಹೋದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇನ್ನೊಂದು ಮುಷ್ಟಿ ಚುರುಮುರಿ ಬಾಯಿಗೆ ತುರುಕಿಕೊಂಡು ಸುಮ್ಮನಾದೆ. ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಎರಡು ಬಿಗಿಯಬೇಕು ಅನ್ನಿಸುತ್ತದೆ.

ನಾವು ವಿಜಯಪುರದ ಕಡೆಯವರು. ಅಕ್ಕನ ಗಂಡನನ್ನು ನಾನು ಮಾಮಾ ಅನ್ನುತ್ತೇನೆ. ಮಾಮಾ ಗೌಂಡಿ, ಚಿರೆಕಲ್ಲಿನ ಗೋಡೆ ಕಟ್ಟುವುದರಲ್ಲಿ ಪಳಗಿದ ಕೈ. ಮದುವೆಯಾದ ಹೊಸದರಲ್ಲೇ ಇಬ್ಬರೂ ಗೋವೆಗೆ ಬಂದು ಉಸಗಾಂವದಲ್ಲಿ ಒಂದು ಖೋಲಿ ಹಿಡಿದರು. ಅಕ್ಕ ಬೇರೆ ಕಡೆ ಸಿಮೆಂಟು ಹೊರುವ ಕೂಲಿಗೆ ಹೋಗುತ್ತಾಳೆ. ಅಪ್ಪ ಅವ್ವ ತೀರಿಕೊಂಡ ಮೇಲೆ ನನ್ನನ್ನೂ ಕರೆಸಿಕೊಂಡರು. ಇವನನ್ನು ಕಲ್ಲು ಹೊರಲು ಹಚ್ಚು ಎಂದು ಜೊತೆಗಾರರು ಹೇಳಿದಾಗ, ಸಾಲಿಗೇ ಹೋಗಲಿ ಎಂದವರು ಮಾಮಾ. ಮುಂದೆ ಕೊರ್ಲಿಮ್ಮಿನ ಒಂದು ಕಾರ್ಖಾನೆಯಲ್ಲಿ ಕೆಲವು ವರ್ಷ ತಂತಿ ಬೆಸೆಯುವ ಕೆಲಸ ಮಾಡಿದೆ. ಆಮೇಲೆ ಉಸಗಾಂವದ ಪೇಟೆಯಲ್ಲಿ ಒಂದು ಮೇಜು ಹಾಕಿಕೊಂಡು ರಿಪೇರಿಗೆ ಕೂತೆ. ಮಿಕ್ಸರ್, ಫ್ಯಾನು, ಚಾರ್ಜರು, ಎಲ್ಲಕ್ಕಿಂತ ಹೆಚ್ಚಾಗಿ ಟಾರ್ಚು. ದಿನಗೂಲಿಯವರ ಸೊಂಟದಲ್ಲಿ ಬೇರೆ ಏನಿರದಿದ್ದರೂ ಕಿರುಬೆರಳುದ್ದದ ಒಂದು ಟಾರ್ಚು ಇರುತ್ತದೆ. ನಮ್ಮ ಮಂದಿ ಅದಕ್ಕೆ ಬ್ಯಾಟರಿ ಎಂದೇ ಅನ್ನುವುದು.

ಮಾಮಾನ ಬಾಯಲ್ಲಿ ಗುಟಕಾ ಇರದ ಹೊತ್ತೇ ಇರಲಿಲ್ಲ. ಮಾತಾಡಬೇಕಾದರೆ ಮೊದಲು ಹೊರಗೆ ಹೋಗಿ ಉಗುಳಿ ಬರಬೇಕಿತ್ತು. ಹೋದ ಬೇಸಿಗೆಯ ಹೊತ್ತಿಗೆ ಅವರ ತುತ್ತು ಸಣ್ಣದಾಗುತ್ತ ಬಂತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ತಿನ್ನತೊಡಗಿದರು, ಸ್ವಲ್ಪ ಖಾರ ತಾಗಿದರೂ ಕಣ್ಣಲ್ಲಿ ನೀರು. ಅಕ್ಕ ಹಟ ಹಿಡಿದು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು, ಜೊತೆಗೆ ನಾನು. ನಾನು ಇಲ್ಲದೆ ಹೇಗೆ? ಅಕ್ಕನಿಗೆ ಬರುವುದು ಕನ್ನಡ, ಮತ್ತೆ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಷ್ಟು ಕೊಂಕಣಿ. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಅಕ್ಕನಿಗೆ ಹೇಳಬೇಕು, ಅಕ್ಕ ಕೇಳಿದ್ದನ್ನು ಅವರಿಗೆ ಹೇಳಬೇಕು.

ಡಾಕ್ಟರು ಹೆಂಗಸು, ಮಾತು ಕಡಿಮೆ. ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹಾಕಿಕೋ ಅಂದರು. ಮಾಮಾನ ಬಾಯೊಳಗೆ ಎರಡೇ ಹೋದವು. ಕೆನ್ನೆಯ ಒಳಮೈಯಲ್ಲಿ ಬಿಳಿಯ ಪಟ್ಟೆ. ಇವತ್ತಿನಿಂದಲೇ ತಂಬಾಕು ಬಿಟ್ಟರೆ ಇದು ಇಲ್ಲಿಗೇ ನಿಲ್ಲಬಹುದು, ಬಿಡದಿದ್ದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ ಅಂದರು. ಅಷ್ಟನ್ನು ನಾನು ಅಕ್ಷರ ಬಿಡದೆ ಅಕ್ಕನಿಗೆ ಹೇಳಿದೆ. ಆ ಒಂದು ಸಲ ಮಾತ್ರ ನಾನು ನೆಟ್ಟಗೆ ಹೇಳಿದ್ದು.

ಮನೆಗೆ ಬಂದವಳೇ ಅಕ್ಕ ಎಲ್ಲಮ್ಮನ ಭಂಡಾರದ ಡಬ್ಬಿ ತೆಗೆದು ಮಾಮಾನ ಮುಂದೆ ಇಟ್ಟಳು.

"ಇದನ್ನ ಮುಟ್ಟಿ ಹೇಳ್ರಿ, ಇನ್ನ ತಂಬಾಕ ಬಾಯಾಗ ಹಾಕೂದಿಲ್ಲಂತ."

ಮಾಮಾ ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಹೇಳಿದರು. ಚೀಟಿಗಟ್ಟಲೆ ಗುಟಕಾವನ್ನು ಅವರೇ ಒಲೆಗೆ ಹಾಕಿದರು. ಅಕ್ಕ ಅಂದು ಶಾವಿಗೆ ಪಾಯಸ ಮಾಡಿದ್ದಳು.

ಆದರೆ ಹತ್ತೇ ದಿನದಲ್ಲಿ ಆ ಮನುಷ್ಯನನ್ನು ನೋಡಲಾಗಲಿಲ್ಲ. ಕೈ ನಡುಗುವುದು, ಸುಮ್ಮಸುಮ್ಮನೆ ಸಿಟ್ಟು, ತಟ್ಟೆ ದೂಡಿ ಎದ್ದುಹೋಗುವುದು. ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತರು.

"ತಮ್ಮಾ, ಏನಾರ ಮಾಡೋ. ತಲಿ ಒಡದು ಹೋಗಾಕತ್ತೇತಿ. ಇವತ್ತ ಗ್ವಾಡಿ ಮ್ಯಾಲಿಂದ ಕಲ್ಲ ಕೈಬಿಟ್ಟೆ. ಕೆಳಗ ನಿಂತಿದ್ದ ಕೂಲಿ ಹೆಣ್ಮಗಳು ಉಳದಿದ್ದ ದೊಡ್ಡದು. ಆಣಿ ಅಂತೂ ಮುರಿಯಾಂಗಿಲ್ಲ. ನೀ ಸಾಲಿ ಕಲತಾಂವ, ಏನಾರ ಹಾದಿ ಹುಡುಕು."

ನನ್ನನ್ನು ಸಾಲಿಗೆ ಕಳಿಸಿದವರು ಹೀಗೆ ಬಂದು ಕೈಚಾಚಿದರೆ ಯಾರ ಎದೆ ಉಬ್ಬುವುದಿಲ್ಲ? ನನ್ನದು ಉಬ್ಬಿತು. ಆಸ್ಪತ್ರೆಗೆ ಹೋಗಿ ಕೇಳೋಣ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆದದ್ದು ನನ್ನ ಮೇಜಿನ ಡ್ರಾಯರಿನಲ್ಲಿದ್ದ ಒಂದು ಸಾಮಾನು. ಕಾಣಕೋಣದ ಬೀಚಿನಲ್ಲಿ ಮಣಿಸರ ಮಾರುವ ನಮ್ಮ ಕಡೆಯವನೊಬ್ಬ ಅದನ್ನು ರಿಪೇರಿಗೆ ತಂದುಕೊಟ್ಟಿದ್ದ. ಯಾರೋ ಪ್ರವಾಸಿ ಬಿಟ್ಟುಹೋದ ಎಲೆಕ್ಟ್ರಾನಿಕ್ ಸಿಗರೇಟು. ನಮ್ಮ ದೇಶದಲ್ಲಿ ಅದನ್ನು ಮಾರುವಂತಿಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಇದರಾಗ ತಂಬಾಕ ಇಲ್ಲಪಾ, ಬರೇ ವಾಸನಿ ನೀರು. ಫಾರಿನ್ ಮಂದಿ ಸಿಗರೇಟ್ ಬಿಡಾಕ ಇದನ್ನ ಸೇದ್ತಾರ" ಎಂದು ಅವನು ಹೇಳಿದ್ದ. ಅವನಿಗೆ ಯಾರು ಹೇಳಿದ್ದರೋ ಏನೋ. ನಾನು ಅದನ್ನು ಹಾಗೇ ನುಂಗಿಬಿಟ್ಟೆ.

ಬಿಚ್ಚಿ ನೋಡಿದರೆ ಒಳಗೆ ಮಹಾ ಏನೂ ಇಲ್ಲ. ಒಂದು ಸೆಲ್ಲು, ಒಂದು ಗುಂಡಿ, ಬಿಸಿಯಾಗುವ ಸುರುಳಿ ತಂತಿ. ಸೆಲ್ಲು ಮತ್ತು ಗುಂಡಿ ನನ್ನ ಮೇಜಿನ ಮೇಲಿನ ಒಂದೊಂದು ಟಾರ್ಚಿನಲ್ಲೂ ಇದ್ದವು. ಬಲ್ಬು ತೆಗೆದು ಆ ಜಾಗದಲ್ಲಿ ಸೇದುವ ತಲೆ ಕೂಡಿಸಿದರೆ ಆಯಿತಲ್ಲ ಎಂದುಕೊಂಡೆ. ಮೊದಲನೆಯದು ಕೈಯಲ್ಲೇ ಕಾಯತೊಡಗಿತು, ಅಂಗಳಕ್ಕೆ ಎಸೆದೆ, ಬುಸ್ಸೆಂದು ಉರಿದು ಕರಕಲಾಯಿತು. ಅದು ಮಾಮಾನ ಬಾಯಿಯ ಹತ್ತಿರ ಇದ್ದಿದ್ದರೆ ಎಂದು ಆಗಲೇ ಕೈಬಿಡಬೇಕಿತ್ತು. ನಾನು ಕಾರ್ಖಾನೆ ಕಂಡವನು, ಬುದ್ಧಿವಂತ, ಬಿಡುತ್ತೇನೆಯೇ? ಇನ್ನೊಂದು ಟಾರ್ಚು ಹಿಡಿದು ಕೂತೆ. ಎರಡು ವಾರದಲ್ಲಿ ನನ್ನ ಮಟ್ಟಿಗೆ ಒಂದು ಚೊಕ್ಕ ಸಾಮಾನು ತಯಾರಾಯಿತು. ಸೇದುವ ತಲೆಯ ಮೇಲೆ ಟಾರ್ಚಿನದೇ ಮುಚ್ಚಳ, ಪಕ್ಕದಲ್ಲಿದ್ದ ಸಣ್ಣ ದೀಪ ಹಾಗೇ ಉರಿಯುವಂತೆ ಉಳಿಸಿದೆ. ಹಿಡಿದು ನೋಡಿದರೂ ಯಾರಿಗೂ ಅನುಮಾನ ಬರಬಾರದು, ಮುಖ್ಯವಾಗಿ ಅಕ್ಕನಿಗೆ. ಬೇಕಾದಷ್ಟು ಸೇದುವ ತಲೆಗಳನ್ನೂ ನೀರಿನ ಸೀಸೆಯನ್ನೂ ಕಾಣಕೋಣದವನೇ ತಂದುಕೊಟ್ಟ. ಸೀಸೆಯ ಮೇಲೆ ಹಣ್ಣಿನ ಚಿತ್ರ, ಕೆಳಗೆ ಹನ್ನೆರಡು ಎಂಬ ಅಂಕಿ. ಸೀಸೆಯ ಅಳತೆ ಇರಬೇಕು ಎಂದುಕೊಂಡೆ.

ಮಾಮಾ ಒಂದು ಎಳೆತ ಎಳೆದು ಕಣ್ಣು ಮುಚ್ಚಿದರು. ಭುಜ ಇಳಿಯಿತು. ನಡುಗುತ್ತಿದ್ದ ಕೈ ನನ್ನ ಕಣ್ಣೆದುರಿಗೇ ನಿಂತಿತು. ಬರೇ ವಾಸನೆ ನೀರು ಒಬ್ಬನ ಕೈ ನಡುಕವನ್ನು ಹೇಗೆ ನಿಲ್ಲಿಸುತ್ತದೆ ಎಂದು ನಾನು ಕೇಳಿಕೊಳ್ಳಲಿಲ್ಲ.

"ಆಣಿ ಮುರದಾಂಗ ಆಗೂದಿಲ್ಲಲ್ಲೋ?" ಎಂದು ಕೇಳಿದರು.

"ಎಲಿ ಇಲ್ಲ, ಚೂರ ಇಲ್ಲ, ಎಲ್ಲಿ ಮುರೀತೇತ್ರಿ ಮಾಮಾ?" ಅಂದೆ.

ಆಮೇಲೆ ಐದಾರು ತಿಂಗಳು ಮನೆಯಲ್ಲಿ ನೆಮ್ಮದಿ. ಮಾಮಾ ನಗುತ್ತಿದ್ದರು, ಕೆಲಸಕ್ಕೆ ತಪ್ಪದೆ ಹೋಗುತ್ತಿದ್ದರು. ಅಕ್ಕ ದಿನಾ ಅವರ ಅಂಗಿಯ ಕಿಸೆ ತಡವುವಳು, ಬಾಯಿ ಮೂಸುವಳು, ಹಣ್ಣಿನ ಪೆಪ್ಪರಮಿಂಟು ಚೀಪಿದ್ದಾರೆ ಎಂದು ಖುಷಿಯಾಗುವಳು. ಸಂಜೆ ಮಾಮಾ ಸೊಂಟದಿಂದ ತೆಗೆದಿಡುತ್ತಿದ್ದ ಟಾರ್ಚನ್ನು ಅವಳೇ ಒರೆಸಿ ಚಾರ್ಜಿಗೆ ಹಾಕುತ್ತಿದ್ದಳು. ಕತ್ತಲಲ್ಲಿ ಕಲ್ಲುಗಳ ನಡುವೆ ಓಡಾಡುವ ಮನುಷ್ಯ, ಬ್ಯಾಟರಿ ತುಂಬಿರಲಿ ಎಂದು. ಅದನ್ನು ನೋಡಿದಾಗೆಲ್ಲ ನನಗೆ ಒಳಗೊಳಗೇ ನಗು ಬರುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಗು ಬರುತ್ತಿದ್ದದ್ದು ಖರೆ.

ಮಳೆಗಾಲದ ನಡುವೆ ಡಾಕ್ಟರಲ್ಲಿಗೆ ಇನ್ನೊಮ್ಮೆ ಹೋದೆವು. ತಂಬಾಕು ಬಿಟ್ಟರೇ ಎಂದು ಕೇಳಿದರು. ಬಿಟ್ಟಿದ್ದಾರೆ ಅಂದೆ. ಬಿಡಲು ಕಷ್ಟವಾಗುತ್ತಿದೆಯೇ, ಕಷ್ಟವಿದ್ದರೆ ಔಷಧವಿದೆ, ಕೂರಿಸಿ ಮಾತಾಡಿ ಬಿಡಿಸುವವರು ಇದೇ ಕಟ್ಟಡದಲ್ಲಿದ್ದಾರೆ ಅಂದರು. ಏನೂ ಕಷ್ಟವಿಲ್ಲ ಅಂದೆ. ನಾನೇ ಬಿಡಿಸಿದ್ದೇನೆ ಎಂಬ ಗತ್ತು ನನಗೆ. ಡಾಕ್ಟರು ಬಾಯಿ ನೋಡಿ ಹುಬ್ಬು ಗಂಟಿಕ್ಕಿ, ತಿಂಗಳು ಬಿಟ್ಟು ತಪ್ಪದೆ ಬನ್ನಿ ಅಂದರು. ಅಕ್ಕ ಏನಂದ್ರು ಎಂದು ಕೇಳಿದಾಗ, "ಚಲೋ ಐತಂತ, ಹಿಂಗ ಇರ್ರಿ ಅಂದ್ರು" ಎಂದೆ. ತಿಂಗಳು ಬಿಟ್ಟು ಹೋಗುವುದು ಮಳೆ, ಕೆಲಸ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು.

ಹೀಗೆ ದಸರೆ ಬಂತು. ನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ಯಾರು ಯಾವುದರಿಂದ ಅನ್ನ ತಿನ್ನುತ್ತಾರೋ ಅದನ್ನು ತೊಳೆದು ಮಣೆಯ ಮೇಲಿಟ್ಟು ಪೂಜೆ ಮಾಡುತ್ತಾರೆ. ಒಮ್ಮೆ ಇಟ್ಟ ಮೇಲೆ ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಮಾಮಾನಿಗೆ ಈ ವಿಷಯದಲ್ಲಿ ಎಲ್ಲಿಲ್ಲದ ಕಟ್ಟುನಿಟ್ಟು. ಕೆಲಸದಲ್ಲಿ ಅಪ್ಪಿತಪ್ಪಿ ಗಾರೆ ಹಚ್ಚುವ ಕರಣಿಗೆ ಕಾಲು ತಾಗಿದರೂ ಎರಡು ಸಲ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ಹಿಂದೊಮ್ಮೆ ಅವಸರದ ಗಿರಾಕಿ ಬಂದನೆಂದು ನಾನು ಪೂಜೆಯ ನಡುವಿನಿಂದ ನನ್ನ ಸ್ಕ್ರೂಡ್ರೈವರ್ ಎತ್ತಿಕೊಳ್ಳಲು ಹೋದಾಗ ಕೈಮೇಲೆ ಚಟಾರನೆ ಹೊಡೆದಿದ್ದರು. ಅವರು ನನ್ನನ್ನು ಹೊಡೆದದ್ದು ಅದೊಂದೇ ಸಲ.

ಆ ನವಮಿಯ ಬೆಳಿಗ್ಗೆ ಅಕ್ಕ ಎಲ್ಲವನ್ನೂ ಸಾಲಾಗಿ ಇಟ್ಟಳು. ಮಾಮಾನ ಕರಣಿ, ತೂಗುಗುಂಡು, ಅಳತೆಯ ಟೇಪು. ನನ್ನ ಇಕ್ಕಳ, ಸ್ಕ್ರೂಡ್ರೈವರ್. ತನ್ನ ಸಿಮೆಂಟು ಬುಟ್ಟಿ, ಕುಡುಗೋಲು. ಆಮೇಲೆ ಚಾರ್ಜಿಗೆ ಹಾಕಿದ್ದ ಟಾರ್ಚನ್ನು ಬಿಡಿಸಿ ತಂದಳು.

"ಇದನ್ನೂ ಇಡೂಣು. ದಿನಾ ಇದನ್ನ ಹಿಡಕೊಂಡ ದುಡಿಯಾಕ ಹೋಗ್ತಾರ."

ಮಾಮಾ ಸ್ನಾನಕ್ಕೆ ಹೋಗಿದ್ದರು. ನನ್ನ ಬಾಯಲ್ಲಿ ಚುರುಮುರಿ ಇತ್ತು. ಸ್ನಾನ ಮುಗಿಸಿ ಬಂದ ಮಾಮಾ ಮಣೆಯ ಮೇಲೆ ಚೆಂಡುಹೂವು ಹೊತ್ತು ಮಲಗಿದ್ದ ಟಾರ್ಚನ್ನು ನೋಡಿದರು, ನನ್ನನ್ನು ನೋಡಿದರು, ತೆಂಗಿನಕಾಯಿ ಒಡೆದರು.

ಮಧ್ಯಾಹ್ನ ಹೋಳಿಗೆ ಊಟ. ಮಾಮಾ ಅರ್ಧ ಹೋಳಿಗೆ ತಿಂದು ಎದ್ದರು. ಹೊರಗೆ ಹೋದರು, ಒಳಗೆ ಬಂದರು. ಮಲಗಿದರು, ಎದ್ದರು. ಹಬ್ಬದ ದಿನ, ಸಂದಿನಲ್ಲಿ ಎಲ್ಲರೂ ಮನೆಯಲ್ಲೇ ಇದ್ದರು, ಎಲ್ಲಿ ನಿಂತರೂ ಯಾರಾದರೊಬ್ಬರು ಮಾತಿಗೆ ಸಿಕ್ಕುತ್ತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಅವರ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಇನ್ನೊಂದು ದಿನದ ಮಾತು, ತಡೆದುಕೊಳ್ಳುತ್ತಾರೆ ಎಂದು ನಾನು ಮೊಬೈಲ್ ನೋಡುತ್ತ ಬಿದ್ದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಅಕ್ಕಪಕ್ಕದ ಖೋಲಿಯ ಹೆಂಗಸರು ಆರತಿಗೆ ಬಂದರು. ಅಕ್ಕ ಆರತಿ ತಟ್ಟೆ ಎತ್ತಿದ್ದಳು. ಮೂಲೆಯಲ್ಲಿ ಕೂತಿದ್ದ ಮಾಮಾ ಎದ್ದು ಬಂದು ಎಲ್ಲರ ನಡುವೆ ದಾಟಿ ಮಣೆಯ ಮುಂದೆ ಬಗ್ಗಿದರು. ನಮಸ್ಕಾರ ಮಾಡುತ್ತಾರೆ ಎಂದುಕೊಂಡೆವು. ಕೈ ಹೂವಿನೊಳಗೆ ಹೋಗಿ ಟಾರ್ಚನ್ನು ಹಿಡಿಯಿತು.

"ಬಿಡ್ರಿ, ಅದನ್ನ ಮುಟ್ಟಬ್ಯಾಡ್ರಿ" ಎಂದು ಅಕ್ಕ ಗಾಬರಿಯಿಂದ ಕೂಗಿದಳು. "ನಾಳಿ ಬನ್ನಿ ಮುಡದ ಮ್ಯಾಲ ತಗೊಳ್ರಿ!"

ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಎಳೆದ ರಭಸಕ್ಕೆ ಕರಣಿ ಮಣೆಯಿಂದ ಜಾರಿ ನೆಲಕ್ಕೆ ಬಿತ್ತು, ಅವರ ಕಾಲಿನ ಮೇಲೆಯೇ ಬಿತ್ತು, ಅವರು ಅದನ್ನು ಕಾಲಿನಿಂದ ಬದಿಗೆ ದೂಡಿದರು. ಟಾರ್ಚಿನ ಮೇಲಿನ ಕುಂಕುಮವನ್ನು ಅಂಗಿಗೆ ಒರೆಸಿಕೊಂಡರು. ಮುಚ್ಚಳ ತಿರುಗಿಸಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ಕೆನ್ನೆ ಒಳಗೆ ಹೋಗುವಂತೆ ಎಳೆದರು. ಒಂದು ಸಲ ಅಲ್ಲ, ಉಸಿರು ತೆಗೆದುಕೊಳ್ಳದೆ ಮೂರು ನಾಲ್ಕು ಸಲ. ಹಣ್ಣಿನ ವಾಸನೆಯ ಬಿಳಿ ಹೊಗೆ ಊದಿನಕಡ್ಡಿಯ ಹೊಗೆಯ ಜೊತೆ ಸೇರಿ ದೇವರ ಪಟದ ಮೇಲೆ ಹರಡಿತು.

ಹೆಂಗಸರಲ್ಲಿ ಒಬ್ಬಳು, "ಅಯ್ಯ ಯಕ್ಕಾ, ಬ್ಯಾಟರಿ ಯಾಕ ಬಾಯಾಗ ಇಟ್ಕೊಂಡಾರ?" ಅಂದಳು. ಯಾರೂ ನಗಲಿಲ್ಲ.

ನಾನು ದಂಗಾಗಿ ಕೂತಿದ್ದೆ. ಗುಟ್ಟು ರಟ್ಟಾಯಿತಲ್ಲ ಎಂಬ ಭಯಕ್ಕಲ್ಲ. ಕಾಲಿನಿಂದ ಕರಣಿಯನ್ನು ದೂಡಿದ್ದನ್ನು ನಾನು ನೋಡಿದ್ದೆ. ಆ ಮನುಷ್ಯ ಯಾರು? ನನ್ನ ಮಾಮಾ ಅಲ್ಲ. ಗುಟಕಾ ತಿನ್ನುತ್ತಿದ್ದ ಇಷ್ಟು ವರ್ಷದಲ್ಲೂ ಅವರು ಪೂಜೆಯ ಹೊತ್ತಿಗೆ ಬಾಯಿ ತೊಳೆದು ಬರುತ್ತಿದ್ದರು, ದೇವರ ಮುಂದೆ ಉಗುಳು ಕೂಡ ನುಂಗುತ್ತಿರಲಿಲ್ಲ. ಗುಟಕಾ ಮಾಡಿಸದ ಕೆಲಸವನ್ನು ನನ್ನ ಟಾರ್ಚು ಮಾಡಿಸಿತ್ತು.

ಹೆಂಗಸರು ಒಬ್ಬೊಬ್ಬರಾಗಿ ಸರಿದುಹೋದರು. ಅಕ್ಕ ಆರತಿ ತಟ್ಟೆ ಕೆಳಗಿಟ್ಟು ಮಾಮಾನ ಕೈಯಿಂದ ಟಾರ್ಚು ತೆಗೆದುಕೊಂಡಳು. ತಿರುಗಿಸಿ ನೋಡಿದಳು, ಮೂಸಿ ನೋಡಿದಳು.

"ಯಾರ ಮಾಡಿಕೊಟ್ರು ಇದನ್ನ?"

ಮಾಮಾ ನೆಲ ನೋಡಿದರು. ಅಕ್ಕ ನನ್ನ ಕಡೆ ತಿರುಗಿದಳು.

"ನಾ ಮಾಡೇನಿ ಅಕ್ಕಾ" ಅಂದೆ. ಅಲ್ಲಿಗೇ ನಿಲ್ಲಿಸಬಾರದೇ? ಇಲ್ಲ, ವಕೀಲಿಗೆ ನಿಂತೆ. "ಇದರಾಗ ತಂಬಾಕ ಇಲ್ಲ. ಭಂಡಾರ ಮುಟ್ಟಿ ಮಾಡಿದ ಆಣಿನ ಮಾಮಾ ಮುರದಿಲ್ಲ, ಖರೇನ."

ಅಕ್ಕ ಮೆಲ್ಲಗೆ ಅಂದಳು: "ಆಣಿ ಉಳೀಲಿ ಅಂತ ಆಣಿ ಮಾಡಿಸಿದ್ದಿಲ್ಲೋ ನಾ. ಬಾಯಿ ಉಳೀಲಿ ಅಂತ ಮಾಡಿಸಿದ್ದೆ. ದಿನಾ ಸಂಜಿಕ ಇದನ್ನ ಚಾರ್ಜಿಗೆ ಹಾಕಿದಾಕಿ ನಾ. ನೀ ನೋಡಕೋತ ಕುಂತಿದ್ದಿ."

ಅಕ್ಕ ನನ್ನ ಮೊಬೈಲ್ ಕಸಿದು ಅದರ ಬೆಳಕು ಹಚ್ಚಿದಳು. ಮಾಮಾನ ಗದ್ದ ಹಿಡಿದು, "ಬಾಯಿ ತಗೀರಿ" ಅಂದಳು. ಅವರು ತೆಗೆಯಲು ನೋಡಿದರು. ಅಕ್ಕ ಎರಡು ಬೆರಳು ನಿಲ್ಲಿಸಿ ಹಾಕಲು ಹೋದಳು. ಒಂದೇ ಹೋಯಿತು. ನಾನು ಹತ್ತಿರ ಹೋಗಿ ಇಣುಕಿದೆ. ಆರು ತಿಂಗಳಲ್ಲಿ ದಿನಾ ಆ ಮುಖ ನೋಡಿದ್ದೆ, ಆ ಬಾಯೊಳಗೆ ಒಮ್ಮೆಯೂ ನೋಡಿರಲಿಲ್ಲ. ಬಿಳಿ ಪಟ್ಟೆ ದಪ್ಪಗಾಗಿ ಹಲ್ಲಿನ ಬುಡದವರೆಗೆ ಇಳಿದಿತ್ತು. ಅದರ ನಡುವೆ ಕೆಂಪಗೆ ಒಂದು ಹುಣ್ಣು. ದೇವರೇ, ಈ ಬಾಯಿಯಿಂದಲೇ ಈ ಮನುಷ್ಯ ಇಷ್ಟು ದಿನ ನಗುತ್ತಿದ್ದರೇ?

ಮಾಮಾ ಅಕ್ಕನ ಕೈ ಸರಿಸಿ ಗೋಡೆಗೆ ಮುಖ ಮಾಡಿ ಹೇಳಿದರು.

"ಅಷ್ಟಾ ಅಲ್ಲ. ಕೆಲಸದ ಕಡೆ ಇದೊಂದ ಸಾಲದಾದರ ನನಗ ತಡಕೊಳ್ಳಾಕ ಆಗ್ತಿದ್ದಿಲ್ಲ. ಹಂಗ ಆದಾಗ ಒಂದೊಂದ ಚೀಟಿ ಗುಟಕಾ ಹಾಕ್ಕೋತಿದ್ದೆ. ಮನಿಗೆ ಬರೂ ಮುಂದ ಇದನ್ನ ಎಳದರ ವಾಸನಿ ಬರ್ತಿದ್ದಿಲ್ಲ."

ನಾನು ಬಿಡಿಸಿದೆ ಎಂದುಕೊಂಡಿದ್ದ ಗುಟಕಾವನ್ನು ಅವರು ಪೂರಾ ಬಿಟ್ಟಿರಲೇ ಇಲ್ಲ. ನನ್ನ ಸಾಮಾನು ಅದರ ವಾಸನೆಯನ್ನು ಮುಚ್ಚುವ ಕೆಲಸ ಮಾಡುತ್ತಿತ್ತು, ಅಷ್ಟೇ. ಅಕ್ಕ ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೆಲದಲ್ಲಿ ಬಿದ್ದಿದ್ದ ಕರಣಿಯನ್ನು ಸೆರಗಿನಿಂದ ಒರೆಸಿ ಮಣೆಯ ಮೇಲಿಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡಲಿಕ್ಕಾದರೂ ಒಂದು ಕೆಲಸ ಇರುತ್ತಿತ್ತು.

ದಸರೆಯ ಮರುದಿನವೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಬಾಯಿ ನೋಡಿದವರೇ ನನ್ನನ್ನು ನೋಡಿ, ಬಿಟ್ಟಿದ್ದಾರೆ ಅಂದಿದ್ದೆಯಲ್ಲ ಎಂದು ಕೇಳಿದರು. ನಾನು ಟಾರ್ಚು ಮತ್ತು ಸೀಸೆಯನ್ನು ಮೇಜಿನ ಮೇಲಿಟ್ಟೆ. ಅವರು ಮುಚ್ಚಳ ತೆಗೆದು ನೋಡಿ, ಇದನ್ನು ಮಾಡಿದವರು ಯಾರು ಅಂದರು. ನಾನೇ ಅಂದೆ. ಸೀಸೆಯನ್ನು ಬೆಳಕಿಗೆ ಹಿಡಿದು ಹನ್ನೆರಡರ ಮೇಲೆ ಬೆರಳಿಟ್ಟರು.

"ಇದೇನು ಗೊತ್ತೇ?"

"ಸೀಸೆಯ ಅಳತೆ."

"ನಿಕೋಟಿನ್ನಿನ ಅಳತೆ. ತಂಬಾಕಿನಲ್ಲಿ ಮನುಷ್ಯನನ್ನು ಹಿಡಿದುಕೊಳ್ಳುವುದು ಇದೇ. ಎಲೆ ಒಂದಿಲ್ಲ, ಉಳಿದದ್ದೆಲ್ಲ ಇದೆ."

ಡಾಕ್ಟರು ಅಲ್ಲಿಗೇ ನಿಲ್ಲಿಸದೆ ಮುಂದುವರಿಸಿ ಹೇಳಿದರು. ಈ ಹುಣ್ಣು ಯಾವುದರಿಂದ ಆಯಿತು ಎಂದು ನಾನು ಬೆರಳು ಮಾಡಿ ಹೇಳಲಾರೆ, ಗುಟಕಾದ್ದೇ ಹೆಚ್ಚಿನ ಪಾಲು. ಆದರೆ ಆ ಚಟವನ್ನು ನೀನು ದಿನಾ ಹಾಲೆರೆದು ಸಾಕಿದೆ. ಹೋದ ಸಲ ನಾನು ಔಷಧದ ಮಾತು ಎತ್ತಿದಾಗ ನೀನು ಏನೂ ಕಷ್ಟವಿಲ್ಲ ಅಂದೆ. ಅವತ್ತು ಖರೆ ಹೇಳಿದ್ದರೆ ಚಟ ಬಿಡಿಸುವವರ ಹತ್ತಿರ ಕೆಳಗಿನ ಮಹಡಿಗೆ ಕಳಿಸುತ್ತಿದ್ದೆ, ಇಳಿದು ಹೋದರೆ ಮೂವತ್ತು ಮೆಟ್ಟಿಲು. ಹೀಗೆ ಹೇಳುತ್ತಲೇ ಮಾಮಾನ ಕೆನ್ನೆಯೊಳಗಿನಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ಬರಹೇಳಿದರು.

ಹೊರಗೆ ಬಂದ ಮೇಲೆ ಅಕ್ಕ, "ಏನಂದ್ರು?" ಎಂದಳು.

"ತುಣಕ ಪರೀಕ್ಷಾಕ ಕಳಿಸ್ಯಾರ, ಹತ್ತ ದಿನಕ್ಕ ಬರ್ರಿ ಅಂದ್ರು."

"ಅವರು ಅಷ್ಟೊತ್ತ ಮಾತಾಡಿದ್ರು. ನೀ ಎರಡ ಮಾತಿನ್ಯಾಗ ಮುಗಿಸಿದಿ."

ಆ ಮೂವತ್ತು ಮೆಟ್ಟಿಲಿನ ಮಾತನ್ನು ಬಿಟ್ಟುಬಿಟ್ಟೆ. ಅಷ್ಟೇ ಅಕ್ಕಾ ಎಂದೆ. ಅವಳು ನನ್ನನ್ನು ಒಂದು ಕ್ಷಣ ನೋಡಿ ಮುಂದೆ ನಡೆದಳು.

ಆ ಹತ್ತು ದಿನಗಳಲ್ಲಿ ನನಗೆ ಇನ್ನೊಂದು ಆಘಾತ ಕಾದಿತ್ತು. ಮಾಮಾನದನ್ನು ನೋಡಿ ಅವರ ಜೊತೆಗಾರರು ನಾಲ್ಕು ಜನ ಕೇಳಿದ್ದರು, ಅವರಿಗೂ ಮಾಡಿಕೊಟ್ಟಿದ್ದೆ. ಅವನ್ನೆಲ್ಲ ವಾಪಸು ತರಬೇಕೆಂದು ಖೋಲಿ ಖೋಲಿಗೆ ಹೋದೆ. ಒಬ್ಬ ಊರಿಗೆ ಹೋಗಿದ್ದ. ಇನ್ನೊಬ್ಬ ಕಳೆದುಹೋಯಿತು ಎಂದ, ಅವನ ಸೊಂಟದಲ್ಲೇ ಅದು ಕಾಣುತ್ತಿತ್ತು. ಮೂರನೆಯವನಿಗೆ ಮಾಮಾನ ಬಾಯಿಯ ಸ್ಥಿತಿಯನ್ನು ಕೂತು ಬಿಡಿಸಿ ಹೇಳಿದೆ. ಪೂರಾ ಕೇಳಿದ, ಲೊಚಗುಟ್ಟಿದ, ಆಮೇಲೆ ದನಿ ತಗ್ಗಿಸಿದ.

"ನನ್ನ ಹೇಣ್ತಿನೂ ಹಲ್ಲಿಗೆ ತಂಬಾಕ ತಿಕ್ಕತಾಳ. ಆಕಿಗೊಂದು ಸಣ್ಣದು ಮಾಡಿಕೊಡೋ."

ಎದ್ದು ಬಂದೆ. ನಾ ಹೇಳಿದ್ದು ಇವನ ಕಿವಿಗೆ ಬಿತ್ತೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಾಲ್ಕನೆಯವನ ಹೆಂಡತಿ ಮಾತ್ರ ಒಂದು ಮಾತೂ ಕೇಳದೆ ಒಳಗಿನಿಂದ ತಂದು ನನ್ನ ಕೈಗೆ ಹಾಕಿದಳು. ಮೇಜಿನಲ್ಲಿ ಅದರ ಸೆಲ್ಲು ಬಿಚ್ಚಿ ತೆಗೆದೆ. ನಾಲ್ಕರಲ್ಲಿ ಒಂದು.

ಹತ್ತನೆಯ ದಿನ ಮಾಮಾ ಹೊಸ ಅಂಗಿ ಹಾಕಿಕೊಂಡರು. ಅಷ್ಟು ದಿನ ಅವರು ಗುಟಕಾ ಮುಟ್ಟಿರಲಿಲ್ಲ. ರೊಟ್ಟಿಯಂತೂ ಬಿಟ್ಟೇಹೋಗಿತ್ತು, ಅಂಬಲಿ ಕುಡಿಯುತ್ತಿದ್ದರು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದಳು. ಎಲ್ಲಮ್ಮನನ್ನು ನೆನೆಯುತ್ತಿದ್ದಾಳೆ ಎಂದುಕೊಂಡೆ.

ಬಾಗಿಲಲ್ಲಿ ಮಾಮಾನ ಹೆಸರು ಕರೆದಾಗ ಎಂದಿನಂತೆ ನಾನು ಮುಂದಾದೆ. ಅಕ್ಕ ನನ್ನ ತೋಳು ಹಿಡಿದು ಬೆಂಚಿನ ಕಡೆ ತಿರುಗಿಸಿದಳು.

"ನೀ ಇಲ್ಲೇ ಕುಂದ್ರು."

"ಅಕ್ಕಾ, ನಿನಗ ಅವರ ಮಾತು ತಿಳಿಯಂಗಿಲ್ಲ."

"ತಿಳಕೋತೀನಿ. ನೀ ಕುಂದ್ರು."

ಬಾಗಿಲು ಪೂರಾ ಮುಚ್ಚುವ ಮೊದಲು ಅವಳ ದನಿ ಕೇಳಿತು. "ದೊತೊರ, ಸಗಳೆಂ ಮ್ಹಾಕಾ ಸಾಂಗಾತ್." ಡಾಕ್ಟರೇ, ಎಲ್ಲಾ ನನಗೇ ಹೇಳಿ ಎಂದು, ತಡವರಿಸದೆ, ಕೊಂಕಣಿಯಲ್ಲಿ. ಪಕ್ಕದ ಮನೆಯವಳ ಹತ್ತಿರ ಕಲಿತು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತ ಬಂದದ್ದು ಅದನ್ನೇ. ನನ್ನ ಅಕ್ಕ ನನ್ನನ್ನು ನಂಬದೆ, ಮಾತು ಬಾರದ ಜಾಗಕ್ಕೆ ಒಬ್ಬಳೇ ಹೋದಳು. ನಾನು ಬೆಂಚಿನ ಮೇಲೆ ಕೂತೆ. ಎದ್ದು ಬಾಗಿಲಿಗೆ ಕಿವಿಗೊಡುವ ಧೈರ್ಯ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಇಬ್ಬರೂ ಹೊರಗೆ ಬಂದರು. ಮಾಮಾ ಗೋಡೆ ಹಿಡಿದುಕೊಂಡು ನಡೆದು ದೂರದ ಕುರ್ಚಿಯಲ್ಲಿ ಕೂತರು. ಅಕ್ಕನ ಕೈಯಲ್ಲಿ ಒಂದು ಕಾಗದ. ನಾನು ಎದ್ದು ನಿಂತೆ.

"ಏನಂದ್ರು ಅಕ್ಕಾ?"

ಡಾಕ್ಟರು ಅವಳಿಗೆ ಮಾತಿನಲ್ಲಿ ಎಷ್ಟು ಹೇಳಿದರೋ, ಸನ್ನೆಯಲ್ಲಿ ಎಷ್ಟು ತೋರಿಸಿದರೋ ಗೊತ್ತಿಲ್ಲ. ಅಕ್ಕ ನನ್ನ ಹತ್ತಿರ ಬಂದಳು. ಸಿಮೆಂಟು ತಿಂದು ಒರಟಾದ ಬೆರಳನ್ನು ನನ್ನ ಕಿವಿಯ ಕೆಳಗಿಟ್ಟು, ದವಡೆಯ ಅಂಚಿನಲ್ಲೇ ಮೆಲ್ಲಗೆ ಎಳೆದುಕೊಂಡು ಗದ್ದದವರೆಗೆ ತಂದು ನಿಲ್ಲಿಸಿದಳು.

"ಇಲ್ಲಿಂದ ಇಲ್ಲಿತನಕ ತಗೀತಾರಂತ" ಅಂದಳು.